ಮೊದಲ ಸಲ ಹೋಳಿಗೆ ಮಾಡ್ತೀರಾ? ಹೂರಣ ಹಿಂದಿನ ದಿನವೇ ಮುಗಿಸಿ

ಯುಗಾದಿಗೆ ಇನ್ನೂ ವಾರ ಇರುವಾಗಲೇ ತಮ್ಮನ ಮಗಳು ಹುಬ್ಬಳ್ಳಿಯಿಂದ ಫೋನ್ ಮಾಡಿದ್ದಳು. "ಅತ್ತೀ, 12 ಮಂದಿ ಊಟಕ್ಕ ಬರ್ತಾರ. ಹೋಳಿಗಿ ನಾನs ಮಾಡ್ತೀನಿ ಅಂದುಬಿಟ್ಟೀನಿ, ಈಗ ಅಂಜಿಕಿ ಆಗಾಕತ್ತೈತಿ" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಮೊದಲು ನಳ ಯಾವತ್ತು ಬರುತ್ತೆ ನೋಡಿಕೊಳ್ಳಿ. ನಮ್ಮ ಕಡೆ ಎಷ್ಟೋ ಓಣಿಗಳಲ್ಲಿ ನೀರು ದಿನಾ ಬರಲ್ಲ, ಹಬ್ಬದ ದಿನ ತಿಕ್ಕೋ ಪಾತ್ರೆ ಮಾತ್ರ ಮೂರು ಪಟ್ಟು.

ಅರ್ಧ ಕಿಲೋ ಕಡಲೆಬೇಳೆಗೆ 20–25 ಹೋಳಿಗೆ ಆಗುತ್ತವೆ. 12 ಮಂದಿಗೆ ಮುಕ್ಕಾಲು ಕಿಲೋ ಹಿಡಿಯಿರಿ, ಮರುದಿನಕ್ಕೂ ಉಳಿಯುತ್ತೆ. ಹಿಂದಿನ ದಿನ ಸಂಜೆ ಬೇಳೆಯನ್ನು ಒಂದು ತಾಸು ನೆನೆಸಿ, ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ. ಒಂದು ಚಮಚ ಎಣ್ಣೆ ಬಿಟ್ಟರೆ ಉಕ್ಕಿ ಒಲೆ ಮೇಲೆ ಚೆಲ್ಲಲ್ಲ. ಬೆರಳಲ್ಲಿ ಒತ್ತಿದರೆ ಕಾಳು ಮೆತ್ತಗೆ ಒಡೆಯಬೇಕು, ಪಾತ್ರೆಯಲ್ಲಿ ಮಾತ್ರ ಇಡಿಯಾಗಿ ಕಾಣಬೇಕು. ಕುಕ್ಕರ್ ಬೇಡ ಅನ್ನುತ್ತೇನೆ. ಮದುವೆಯಾದ ಮೊದಲ ಯುಗಾದಿಗೆ ನಾನು ಕುಕ್ಕರಿಗೆ ಐದು ಸೀಟಿ ಹೊಡೆಸಿದ್ದೆ, ಬೇಳೆ ಅಂಬಲಿ ಆಯಿತು, ಕಟ್ಟು, ಅಂದರೆ ಸಾರಿಗೆ ಬೇಕಾದ ಬೇಳೆ ಬೆಂದ ನೀರು, ಬಸಿಯೋಕೆ ಆಗಲಿಲ್ಲ, ಬೆಲ್ಲ ಹಾಕಿದ ಮೇಲಂತೂ ಪಾಯಸವೇ. ಅತ್ತೆ ಬೈಯಲಿಲ್ಲ. ಅಗಲ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಮುಗುಚಿದರು, ಅದೂ ಸಾಲದೆ ಎರಡು ಮುಷ್ಟಿ ಪುಟಾಣಿ ಹಿಟ್ಟು ಹಾಕಿದರು. ಊಟ ನಡೆಯಿತು. ಕುಕ್ಕರ್ ಮಾತ್ರ ಅಟ್ಟ ಹತ್ತಿತು.

ಬೆಂದ ಬೇಳೆಯನ್ನು ಬಸಿದು ಕಾಲು ತಾಸು ಹಾಗೇ ಬಿಡಿ. ಅವಸರ ಮಾಡಬೇಡಿ, ಹೂರಣ ಕೆಡೋದು ಇಲ್ಲೇ. ಬೆಲ್ಲ ಬಿದ್ದ ಮೇಲೆ ಬೇಯದ ಕಾಳು ಮತ್ತೆ ಬೇಯಲ್ಲ, ಅದನ್ನೂ ಈಗಲೇ ನೋಡಿಕೊಳ್ಳಿ. ಬೆಲ್ಲ ಬೇಳೆಯ ಸಮ ತೂಕ, ಸಿಹಿ ಕಡಿಮೆ ತಿನ್ನೋರಿದ್ದರೆ ಸ್ವಲ್ಪ ಕಡಿಮೆ. ಬೆಲ್ಲ ಕರಗಿದಾಗ ಎಲ್ಲ ನೀರಾಗಿ ಕಾಣುತ್ತೆ, ಗಾಬರಿ ಬೇಡ. ಸೌಟು ನೆಟ್ಟಗೆ ನಿಲ್ಲೋವರೆಗೂ ತಿರುವಿ, ಚಿಟಿಕೆ ಉಪ್ಪು, ಏಲಕ್ಕಿ, ಒಂದಿಷ್ಟು ಜಾಜಿಕಾಯಿ ಹಾಕಿ ಬಿಸಿ ಇರುವಾಗಲೇ ರುಬ್ಬಿಬಿಡಿ. ಆರಿದ ಮೇಲೆ ಮಿಕ್ಸಿ ಅಳುತ್ತೆ. ಬಿಸಿಲ ಕಾಲ ನೋಡಿ, ರಾತ್ರಿಗೆ ಹೂರಣ, ಕಟ್ಟು ಎರಡೂ ಆರಿಸಿ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಬೆಳಗಾಗೋದರೊಳಗೆ ಹುಳಿ ವಾಸನೆ.

ಕಟ್ಟಿನ ಸಾರಿಗೆ ಬ್ಯಾಡಗಿ ಮೆಣಸಿನಕಾಯಿಯೇ ಬೇಕು. ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಜಿಐ, ಅಂದರೆ ಇದು ಈ ಸೀಮೆಯದೇ ಮಾಲು ಅನ್ನೋ ಸರ್ಕಾರಿ ಗುರುತು ಸಿಕ್ಕಿದೆ, ಈಗ ಅಂಗಡಿಯಲ್ಲಿ ಯಾವ ಕೆಂಪು ಕಾಯಿ ಕೇಳಿದರೂ ಬ್ಯಾಡಗಿ ಅಂತಲೇ ಕೊಡುತ್ತಾರೆ. ಸಿಪ್ಪೆ ಸುಕ್ಕುಸುಕ್ಕಾಗಿ ಕಡುಗೆಂಪು ಇರುತ್ತೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಜೊತೆ ಒಣಕೊಬ್ಬರಿ, ಜೀರಿಗೆ, ಮೆಣಸು, ಚಕ್ಕೆ, ಲವಂಗ ಹುರಿದು ರುಬ್ಬಿ, ಹುಣಸೆರಸ ಬಿಟ್ಟು ಕುದಿಸಿ. ಒಂದು ಉಂಡೆ ಹೂರಣ ಕದಡಿದರೆ ಸಾರಿಗೆ ಮೈ ಬರುತ್ತೆ. ನೈವೇದ್ಯಕ್ಕೆ ಇಡೋರು ಬಳ್ಳೊಳ್ಳಿ ಹಾಕಬೇಡಿ.

ಕೋಸಂಬರಿ, ಬದನೆಕಾಯಿ ಪಲ್ಯ, ಹಪ್ಪಳದ ಬಗ್ಗೆ ಹೇಳೋದೇನಿಲ್ಲ, ಅದು ಯಾರಿಗೂ ಬರುತ್ತೆ. ಬೇವಿನ ಪಾನಕಕ್ಕೆ ಬೇವಿನ ಹೂವು ಕುಡಿಯೋ ಹೊತ್ತಿಗೆ ಹಾಕಿ. ಮುಂಚೆಯೇ ಹಾಕಿದರೆ ಕಹಿ ಏರಿ ಮಕ್ಕಳು ಲೋಟ ಮುಟ್ಟಲ್ಲ.

ಬೆಳಗ್ಗೆ ಎದ್ದ ಕೂಡಲೇ ಕಣಕ ನಾದಿ, ಹೂರಣವನ್ನೂ ಫ್ರಿಜ್ಜಿನಿಂದ ಹೊರಗೆ ತೆಗೆದಿಡಿ. ಗೋಧಿ ಹಿಟ್ಟು, ಮೈದಾ ಸಮ ಸಮ, ಚಪಾತಿ ಹಿಟ್ಟಿಗಿಂತ ಮೆತ್ತಗೆ. ಮೇಲೆ ಎಣ್ಣೆ ಸವರಿ ಎರಡು ತಾಸು ಮುಚ್ಚಿಡಿ. ಆಮೇಲೆ ಒಂದು ಕೈಯಲ್ಲಿ ಕಣಕ, ಇನ್ನೊಂದರಲ್ಲಿ ಹೂರಣ ಹಿಡಿದು ಒತ್ತಿ ನೋಡಿ, ಎರಡೂ ಒಂದೇ ಹದ ಇರಬೇಕು. ಹೂರಣ ಗಟ್ಟಿ ಇದ್ದರೆ ಲಟ್ಟಿಸುವಾಗ ಕಣಕ ಹರಿಯುತ್ತೆ, ಹಾಗಿದ್ದರೆ ಒಂದು ಚಮಚ ಹಾಲು ಹಾಕಿ ನಾದಿಕೊಳ್ಳಿ. ನೀವು ಲಟ್ಟಿಸಿ, ಬೇಯಿಸೋಕೆ ಪೇಪರ್ ಓದುತ್ತಾ ಕೂತ ಯಜಮಾನರನ್ನು ಕರೆಯಿರಿ, ಒಬ್ಬರೇ ಎರಡೂ ಮಾಡಿದರೆ ಒಂದಲ್ಲ ಒಂದು ಸೀಯುತ್ತೆ. ಉರಿ ಮಧ್ಯಮ ಇರಲಿ. ನೈವೇದ್ಯಕ್ಕೆ ಐದು ತೆಗೆದಿಟ್ಟು ಉಳಿದದ್ದನ್ನು ಬಟ್ಟೆ ಮೇಲೆ ಬಿಡಿಬಿಡಿಯಾಗಿ ಹರಡಿ. ಬಿಸಿಬಿಸಿ ಒಂದರ ಮೇಲೊಂದು ಪೇರಿಸಿದರೆ ಬೆವತು ಅಂಟಿಕೊಳ್ಳುತ್ತವೆ, ಆಮೇಲೆ ಬಡಿಸುವಾಗ ತುಂಡು ತುಂಡೇ ಏಳೋದು.