ಕಂಪನಿ ಲೀಸ್ ಕಾರು, ಸ್ವಂತ ಕಾರು: ಎರಡನ್ನೂ ಮಾಡಿ ನೋಡಿದ ಮೇಲೆ

ಅಪ್ಪನಿಗೆ ಲೀಸ್ ಅಂದ್ರೆ ಭೋಗ್ಯ. ಬೆಂಗಳೂರಿನಲ್ಲಿ ನಾವು ಮೊದಲು ಇದ್ದ ಮನೆ ಹಾಗೇ ಇತ್ತು. ಮಾಲೀಕರಿಗೆ ಒಂದಿಷ್ಟು ಲಕ್ಷ ಕೊಟ್ಟು, ಬಾಡಿಗೆ ಇಲ್ಲದೆ ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ತಗೊಂಡಿದ್ದೆವು. ಹಾಗಾಗಿ 2018ರಲ್ಲಿ ಅರಸೀಕೆರೆಗೆ ಫೋನ್ ಮಾಡಿ, "ಅಪ್ಪ, ಕಂಪನಿ ಕಡೆಯಿಂದ ಕಾರು ಲೀಸ್‌ಗೆ ತಗೊಳ್ತಿದ್ದೀನಿ" ಅಂದಾಗ ಅವರು ಕೇಳಿದ್ದು ಇಷ್ಟೇ: "ಹಂಗಾದ್ರೆ ನಾಲ್ಕು ವರ್ಷ ಆದ್ಮೇಲೆ ದುಡ್ಡು ವಾಪಸ್ ಬರುತ್ತೆ ಅಲ್ವೇನಪ್ಪಾ?"

ಬರಲ್ಲ. ಕಾರಿನ ಲೀಸ್ ಬೇರೆಯದೇ ವ್ಯವಹಾರ. ಅದು ಬಾಡಿಗೆ. ನನಗೂ ಆಗ ಅದರ ಪೂರ್ತಿ ಅರ್ಥ ಗೊತ್ತಿತ್ತು ಅಂತ ಹೇಳಲಾರೆ. ಎಚ್‌ಆರ್‌ನವರು ಕಳಿಸಿದ ಒಂದು ಹಾಳೆ, ಅದರಲ್ಲಿ "ತೆರಿಗೆ ಉಳಿತಾಯ" ಅನ್ನೋ ದೊಡ್ಡ ಸಂಖ್ಯೆ, ಅಷ್ಟೇ ನೋಡಿದ್ದೆ.

ವ್ಯವಸ್ಥೆ ಹೀಗಿರುತ್ತದೆ. ಲೀಸಿಂಗ್ ಕಂಪನಿ ಕಾರು ಕೊಳ್ಳುತ್ತದೆ. ಅದನ್ನು ನಮ್ಮ ಕಂಪನಿಗೆ ಬಾಡಿಗೆಗೆ ಕೊಡುತ್ತದೆ. ನಮ್ಮ ಕಂಪನಿ ಅದನ್ನು ನಮಗೆ ಓಡಿಸಲು ಕೊಟ್ಟು, ಬಾಡಿಗೆಯನ್ನು ನಮ್ಮ ಸಿಟಿಸಿಯಿಂದಲೇ, ಅಂದರೆ ಕಂಪನಿ ನಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚದಿಂದಲೇ, ಮುರಿದುಕೊಳ್ಳುತ್ತದೆ. ಹಾಗೆ ಮುರಿದ ದುಡ್ಡು ಸಂಬಳ ಅನ್ನಿಸಿಕೊಳ್ಳುವುದಿಲ್ಲ, ಆದ್ದರಿಂದ ಅದಕ್ಕೆ ತೆರಿಗೆ ಬೀಳುವುದಿಲ್ಲ. ಬದಲಿಗೆ, ಆಫೀಸಿಗೂ ಮನೆಗೂ ಬಳಸುವ ಕಾರು, ಎಂಜಿನ್ 1.6 ಲೀಟರ್ ಒಳಗೆ, ಖರ್ಚೆಲ್ಲ ಕಂಪನಿಯದು ಅಂತಾದರೆ ತಿಂಗಳಿಗೆ 1,800 ರೂಪಾಯಿ ಮಾತ್ರ ನಮ್ಮ ಆದಾಯಕ್ಕೆ ಸೇರಿಸುತ್ತಿದ್ದರು. ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,400. ಇವು ನಾನು ಸಹಿ ಹಾಕಿದ ಕಾಲದ ದರ. ನೀವು ಸಹಿ ಹಾಕುವ ವರ್ಷ ಎಷ್ಟಿದೆ ಅಂತ ನೋಡಿಕೊಂಡೇ ಲೆಕ್ಕ ಮಾಡಿ.

ಈಗ ನನ್ನ ಅಂಕಿಗಳು. ಕಾರಿನ ಎಕ್ಸ್ ಶೋರೂಮ್ ಬೆಲೆ 9 ಲಕ್ಷ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ರಸ್ತೆ ತೆರಿಗೆಯೇ 14%, ಅದರ ಮೇಲೆ ಸೆಸ್. ವಿಮೆ ಎಲ್ಲ ಸೇರಿ ಆನ್ ರೋಡ್ ಹತ್ತಿರ ಹತ್ತಿರ 11 ಲಕ್ಷ.

ಸಾಲ ಮಾಡಿ ಕೊಂಡಿದ್ದರೆ 2 ಲಕ್ಷ ಕೈಯಿಂದ, 9 ಲಕ್ಷ ಸಾಲ. 9% ಬಡ್ಡಿಗೆ ನಾಲ್ಕು ವರ್ಷಕ್ಕೆ ಇಎಂಐ 22,400. ನಾಲ್ಕು ವರ್ಷದ ಸರ್ವಿಸ್, ಎರಡನೇ ವರ್ಷದಿಂದ ವಿಮೆ ಅಂತ ಇನ್ನೊಂದು 1.25 ಲಕ್ಷ ಇಟ್ಟುಕೊಂಡೆ. ಒಟ್ಟು 14 ಲಕ್ಷ.

ಲೀಸ್‌ನಲ್ಲಿ ಕೈಯಿಂದ ಒಂದು ರೂಪಾಯಿಯೂ ಇಲ್ಲ. ವಿಮೆ, ಸರ್ವಿಸ್, ಜಿಎಸ್‌ಟಿ ಎಲ್ಲ ಸೇರಿ ತಿಂಗಳಿಗೆ 28,000. ಕೊನೆಗೆ ಕಾರು ಬೇಕು ಅಂದರೆ 2.5 ಲಕ್ಷ ಕೊಟ್ಟು ಇಟ್ಟುಕೊಳ್ಳಬಹುದು. ಸುಮ್ನೆ ಕೂಡಿಸಿದರೆ ಹತ್ತಿರ 16 ಲಕ್ಷ ಆಗುತ್ತದೆ, ಸಾಲಕ್ಕಿಂತ ಎರಡು ಲಕ್ಷ ಜಾಸ್ತಿ. ಆದರೆ ನಾನು ಆದಾಯ ತೆರಿಗೆಯ 30% ಸ್ಲ್ಯಾಬ್‌ನಲ್ಲಿದ್ದೆ, ಸೆಸ್ ಸೇರಿ 31.2%. 28,000ದಲ್ಲಿ 1,800 ಕಳೆದು ಉಳಿದ 26,200ಕ್ಕೆ ತೆರಿಗೆ ಇಲ್ಲ ಅಂದರೆ ತಿಂಗಳಿಗೆ 8,174 ರೂಪಾಯಿ ಉಳಿತಾಯ. ಅಂದರೆ ನನ್ನ ಜೇಬಿಗೆ ತಗಲುವುದು 19,826. ನಾಲ್ಕು ವರ್ಷಕ್ಕೆ ಸುಮಾರು 9.5 ಲಕ್ಷ, ಕೊನೆಯ 2.5 ಲಕ್ಷ ಸೇರಿ 12 ಲಕ್ಷ. ಸಾಲಕ್ಕಿಂತ ಎರಡು ಲಕ್ಷ ಕಮ್ಮಿ!

ಇಲ್ಲಿ ಒಂದು ವಿಷಯ ಗಮನಿಸಿ. ಲೀಸ್ ಅಗ್ಗ ಆಗಿದ್ದು ಲೀಸ್‌ನಿಂದಲ್ಲ, ತೆರಿಗೆಯಿಂದ. ಇದೇ ಕಾರಿಗೆ 20% ಸ್ಲ್ಯಾಬ್‌ನವರು ಲೆಕ್ಕ ಹಾಕಿದರೆ ಉಳಿಯುವುದು ಎಪ್ಪತ್ತು ಸಾವಿರದಷ್ಟೇ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ನಷ್ಟ. ಪಕ್ಕದ ಸೀಟಿನವರು ತಗೊಂಡ್ರು ಅಂತ ತಗೊಳ್ಳುವ ಮೊದಲು ನಿಮ್ಮ ಸ್ಲ್ಯಾಬ್ ಯಾವುದು ಅಂತ ನೋಡಿ. ಇಬ್ಬರ ಸಂಬಳ ಬೇರೆ, ಲೆಕ್ಕವೂ ಬೇರೆ.

2018ರ ಜೂನ್‌ನಲ್ಲಿ ಕಾರು ಬಂತು. ಊರಿಗೆ ಓಡಿಸಿಕೊಂಡು ಹೋದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಆದ ಮೇಲೆ ಅಪ್ಪ ಆರ್‌ಸಿ ಕೈಗೆ ತಗೊಂಡು ಕನ್ನಡಕ ಸರಿ ಮಾಡಿಕೊಂಡು ಓದಿದರು. ಅದರಲ್ಲಿ ಲೀಸಿಂಗ್ ಕಂಪನಿಯ ಹೆಸರಿತ್ತು. ಏನೂ ಹೇಳಲಿಲ್ಲ, ವಾಪಸ್ ಕೊಟ್ಟರು. ನನಗೆ ಸ್ವಲ್ಪ ಬೇಜಾರಾಯಿತು. ಆದರೆ ತಿಂಗಳಿಗೆ ಎಂಟು ಸಾವಿರ ಉಳಿಯುವಾಗ ಹೆಸರು ಯಾರದಾದರೇನು ಅಂತ ಸಮಾಧಾನ ಮಾಡಿಕೊಂಡೆ.

ಮೊದಲ ಎರಡೂವರೆ ವರ್ಷ ನಿಜವಾಗಿಯೂ ಆರಾಮಾಗಿತ್ತು. ಸರ್ವಿಸ್‌ಗೆ ಒಂದು ಫೋನ್ ಸಾಕು. ವಿಮೆಯ ನವೀಕರಣ ಅವರದೇ. ಲೀಸ್ ನಮ್ಮ ಕಂಪನಿಯ ಹೆಸರಿನಲ್ಲಿ ಇರುವುದರಿಂದ ನನ್ನ ಸಿಬಿಲ್‌ನಲ್ಲಿ, ಅಂದರೆ ಬ್ಯಾಂಕಿನವರು ನೋಡುವ ಸಾಲದ ದಾಖಲೆಯಲ್ಲಿ, ಸಾಲ ಅಂತ ಕಾಣಿಸುತ್ತಿರಲಿಲ್ಲ. ಒಪ್ಪಂದದಲ್ಲಿ ವರ್ಷಕ್ಕೆ 15,000 ಕಿ.ಮೀ. ಮಿತಿ ಇತ್ತು. ತಿಂಗಳಿಗೆ ಒಂದು ಸಲ ಅರಸೀಕೆರೆ, ದಿನಾ ಆಫೀಸು ಅಂತ ಓಡಿಸಿದರೂ ಅದನ್ನು ದಾಟಲಿಲ್ಲ. ರಾಜ್ಯದ ಗಡಿ ದಾಟುವಾಗ ಮಾತ್ರ ಕಂಪನಿ ಕೊಟ್ಟ ಅನುಮತಿ ಪತ್ರ ಜೊತೆಗಿರಬೇಕು. ತಪಾಸಣೆಯವರು ಆರ್‌ಸಿಯ ಹೆಸರು ನೋಡಿ, "ಯಾರ ಗಾಡಿ ಇದು?" ಅಂತ ಕೇಳಿಯೇ ಕೇಳುತ್ತಾರೆ.

2021ರ ಫೆಬ್ರವರಿಯಲ್ಲಿ ನನಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ರಾಜೀನಾಮೆ ಕೊಟ್ಟ ಮೂರನೇ ದಿನ ಒಂದು ಮೇಲ್ ಬಂತು. ಕಾರು ವಾಪಸ್ ಕೊಟ್ಟು ಅವಧಿಗೆ ಮುಂಚೆ ಮುರಿದಿದ್ದಕ್ಕೆ ದಂಡ ಕಟ್ಟಿ, ಇಲ್ಲವೇ 6,31,000 ರೂಪಾಯಿ ಕೊಟ್ಟು ಕಾರು ಇಟ್ಟುಕೊಳ್ಳಿ. ಕೊನೆಯ ಕೆಲಸದ ದಿನದ ಒಳಗೆ. ಇಲ್ಲದಿದ್ದರೆ ಫೈನಲ್ ಸೆಟಲ್‌ಮೆಂಟ್ ತಡೆಹಿಡಿಯಲಾಗುತ್ತದೆ.

ಆ ಸಂಖ್ಯೆ ಎಲ್ಲಿಂದ ಬಂತು ಅಂತ ಎರಡು ದಿನ ಕೂತು ಬಿಡಿಸಿದೆ. 48 ತಿಂಗಳಲ್ಲಿ 32 ಕಳೆದಿದ್ದವು. ಉಳಿದ 16 ತಿಂಗಳ ಬಾಡಿಗೆಯಲ್ಲಿನ ಅಸಲು, ಕೊನೆಯ 2.5 ಲಕ್ಷವನ್ನು ಮುಂಚೆಯೇ ಕೊಡುವುದರಿಂದ ಅದರ ಇವತ್ತಿನ ಬೆಲೆ, ಮುಂಚೆ ಮುಗಿಸುವ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಎಲ್ಲವೂ ಒಪ್ಪಂದದಲ್ಲಿ ಬರೆದಿತ್ತು. ಯಾರೂ ಮೋಸ ಮಾಡಿರಲಿಲ್ಲ. ಆದರೆ ಎಚ್‌ಆರ್ ಹಾಳೆಯಲ್ಲಿ ಈ ಸಾಲು ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಹೊಸ ಕಂಪನಿಗೂ ಅದೇ ಲೀಸಿಂಗ್ ಕಂಪನಿಯ ಜೊತೆ ಒಪ್ಪಂದ ಇದ್ದಿದ್ದರೆ ಲೀಸನ್ನು ಅಲ್ಲಿಗೆ ವರ್ಗಾಯಿಸಬಹುದಿತ್ತು. ಇರಲಿಲ್ಲ.

ಕಾರು ವಾಪಸ್ ಕೊಡುವ ಯೋಚನೆಯನ್ನೂ ಮಾಡಿದೆ. ಆದರೆ ಅದು ಕೊರೊನಾ ಕಾಲ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಬಸ್ಸು, ಕ್ಯಾಬು ಅಂತ ನಂಬಿ ಕೂರುವ ಹಾಗಿರಲಿಲ್ಲ. ನನ್ನವಳು, "ರೀ, ಗಾಡಿ ಬಿಡೋದು ಬೇಡ, ದುಡ್ಡು ಹೇಗೋ ಹೊಂದಿಸೋಣ" ಅಂದಳು. ಉಳಿತಾಯದಿಂದ 3 ಲಕ್ಷ ತೆಗೆದೆವು. ಉಳಿದದ್ದಕ್ಕೆ ಹಳೆ ಕಾರಿನ ಸಾಲ. ಅದಕ್ಕೆ ಬಡ್ಡಿ 13%. ಹೊಸ ಕಾರಿಗೆ ಸಿಗುವ ದರ ಹಳೆ ಕಾರಿಗೆ ಸಿಗುವುದಿಲ್ಲ, ಇದು ನೆನಪಿರಲಿ.

ಹೆಸರು ಬದಲಾವಣೆ ಇನ್ನೊಂದು ಕಥೆ. ಮಾರ್ಚ್‌ನಲ್ಲಿ ದುಡ್ಡು ಕಟ್ಟಿದೆ. ಮಾಲೀಕತ್ವ ವರ್ಗಾಯಿಸಲು ಬೇಕಾದ, ಲೀಸಿಂಗ್ ಕಂಪನಿಯವರ ಸಹಿ ಇರುವ ಫಾರಂ 29, ಫಾರಂ 30 ಬರುವಷ್ಟರಲ್ಲಿ ಏಪ್ರಿಲ್ ಕೊನೆ. ಅಷ್ಟರಲ್ಲಿ ಲಾಕ್‌ಡೌನ್. ನನ್ನ ಹೆಸರಿನ ಆರ್‌ಸಿ ಕೈಗೆ ಸಿಕ್ಕಿದ್ದು ಜುಲೈನಲ್ಲಿ. ಈ ಮಧ್ಯೆ ಗಾಡಿಗೆ ಏನಾದರೂ ಆಗಿದ್ದರೆ ವಿಮೆ ಯಾರ ಹೆಸರಿಗೆ ಬರುತ್ತಿತ್ತು ಅಂತ ಯೋಚಿಸಿ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಆ ಮೂರು ತಿಂಗಳು ಆಸ್ಪತ್ರೆಗೆ ಬಿಟ್ಟು ಬೇರೆಲ್ಲಿಗೂ ಕಾರು ತೆಗೆಯಲಿಲ್ಲ.

ವಿಮೆಯ ವಿಷಯದಲ್ಲಿ ನನಗೆ ಗೊತ್ತೇ ಇಲ್ಲದ ಇನ್ನೊಂದು ನಷ್ಟ ಇತ್ತು. ಕ್ಲೇಮ್ ಮಾಡದಿದ್ದರೆ ಸಿಗುವ ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ಪಾಲಿಸಿ ಇರುವ ಮಾಲೀಕರಿಗೆ ಸೇರಿದ್ದು. ಮೊದಲ ವರ್ಷಕ್ಕೆ 20%, ಎರಡಕ್ಕೆ 25, ಮೂರಕ್ಕೆ 35, ಹೀಗೆ 50ರವರೆಗೆ ಏರುತ್ತದೆ. ಎರಡೂಮುಕ್ಕಾಲು ವರ್ಷ ಜೋಪಾನವಾಗಿ ಓಡಿಸಿದ್ದು ನಾನು, ಆದರೆ ಮಾಲೀಕರು ಲೀಸಿಂಗ್ ಕಂಪನಿ. ಪಾಲಿಸಿ ನನ್ನ ಹೆಸರಿಗೆ ಬಂದಾಗ ಇದ್ದ 25% ಹೋಯಿತು, ಆ ವ್ಯತ್ಯಾಸವನ್ನು ನನ್ನಿಂದ ಕಟ್ಟಿಸಿಕೊಂಡರು. ಸೊನ್ನೆಯಿಂದ ಮತ್ತೆ ಶುರು.

ಕೊನೆಗೆ ಎಲ್ಲ ಕೂಡಿಸಿದೆ. ತೆರಿಗೆ ಉಳಿತಾಯ ಕಳೆದು 32 ತಿಂಗಳ ಬಾಡಿಗೆ, 6.31 ಲಕ್ಷ, ಹಳೆ ಕಾರಿನ ಸಾಲದ ಬಡ್ಡಿ, ಉಳಿದ ಅವಧಿಯ ವಿಮೆ, ಸರ್ವಿಸ್. 13.8 ಲಕ್ಷ. ಸಾಲ ಮಾಡಿ ಕೊಂಡಿದ್ದರೆ 14. ತೆರಿಗೆಯಲ್ಲಿ ಗಳಿಸಿದ್ದು ಹೆಚ್ಚು ಕಮ್ಮಿ ಪೂರ್ತಿ ಕರಗಿತ್ತು. ಅದಕ್ಕಿಂತ ನೋವಾಗಿದ್ದು, ಕೆಲಸ ಬದಲಾಯಿಸುವ ಸಂತೋಷದ ತಿಂಗಳಲ್ಲೇ ಆರು ಲಕ್ಷ ಒಟ್ಟಿಗೆ ಹೊಂದಿಸಬೇಕಾಗಿ ಬಂದದ್ದು. ಹೊಸ ಕೆಲಸ ಬಿಟ್ಟುಬಿಡಲಾ ಅಂತ ಒಂದು ಸಂಜೆ ನಿಜವಾಗಿಯೂ ಯೋಚಿಸಿದ್ದೆ. ಕಾರಿನ ಸಲುವಾಗಿ!

ಅದೇ ಕಾರನ್ನು 2024ರವರೆಗೆ ಓಡಿಸಿ ಮಾರಿದೆ. ಮುಂದಿನದು ಬೇಕಾದಾಗ ಮತ್ತೆ ಅದೇ ಪ್ರಶ್ನೆ. ಹೊಸ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), 80ಸಿ (ಉಳಿತಾಯ, ಹೂಡಿಕೆ) ವಿನಾಯಿತಿ ಎಲ್ಲ ಹೋಗಿದ್ದರೂ ಕಂಪನಿ ಕಾರಿನ ಈ ಸೌಲಭ್ಯ ಉಳಿದಿದೆ. ಅದಕ್ಕೇ ಆಫೀಸಿನಲ್ಲಿ ತುಂಬಾ ಜನ ಲೀಸ್ ಕಡೆ ವಾಲಿದ್ದರು. ನಾನು ಈ ಸಲ ತೆರಿಗೆ ಲೆಕ್ಕವನ್ನು ಆಮೇಲೆ ಮಾಡಿದೆ. ಮೊದಲು ಎರಡು ಪ್ರಶ್ನೆ ಬರೆದುಕೊಂಡೆ. ಇದೇ ಕಂಪನಿಯಲ್ಲಿ ಇನ್ನು ನಾಲ್ಕು ವರ್ಷ ಇರುತ್ತೀನಾ? ಈ ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀನಿ? ಮೊದಲನೆಯದಕ್ಕೆ ಉತ್ತರ ಗೊತ್ತಿರಲಿಲ್ಲ. ಎರಡನೆಯದಕ್ಕೆ ಗೊತ್ತಿತ್ತು: ಹತ್ತು ವರ್ಷ. ನಮ್ಮ ಮನೆಯಲ್ಲಿ ಸ್ಕೂಟರನ್ನೂ ಹದಿನೈದು ವರ್ಷ ಓಡಿಸಿದವರು ನಾವು.

ಸಾಲ ಮಾಡಿ ಕೊಂಡೆ. ಸಾಲ ಮುಗಿದ ಮೇಲೂ ಕಾರು ಐದಾರು ವರ್ಷ ಓಡುತ್ತದೆ. ಆ ವರ್ಷಗಳಲ್ಲೇ ಸ್ವಂತ ಕಾರಿನ ನಿಜವಾದ ಲಾಭ ಇರುವುದು. ಬ್ಯಾಂಕಿನವರಿಗೆ ನಾನು ಎಲ್ಲಿ ಕೆಲಸ ಮಾಡುತ್ತೀನಿ ಅನ್ನೋದು ಬೇಕಿಲ್ಲ, ತಿಂಗಳ ಕಂತು ಬಂದರೆ ಸಾಕು. 10 ಲಕ್ಷ ದಾಟಿದ್ದರಿಂದ ರಸ್ತೆ ತೆರಿಗೆ 17% ಆಯಿತು, ಅದು ಹೊಟ್ಟೆ ಉರಿಸಿತು. ಶೋರೂಮಿನವರು ಮುಂಗಡ ಆದಾಯ ತೆರಿಗೆ ಅಂತ ಹಿಡಿದುಕೊಂಡ 1% ಟಿಸಿಎಸ್ ಮಾತ್ರ ರಿಟರ್ನ್ ಹಾಕಿದಾಗ ವಾಪಸ್ ಬಂತು. ಅದನ್ನು ಮರೆಯಬೇಡಿ.

ಲೀಸ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ತಂಗಿ 2022ರಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರನ್ನು ಮೂರು ವರ್ಷಕ್ಕೆ ಲೀಸ್ ತಗೊಂಡಳು. ಸಹಿ ಹಾಕುವ ಮೊದಲು ಇಬ್ಬರೂ ಕೂತು ಒಪ್ಪಂದದ ಪ್ರತಿ ಪುಟ ಓದಿದೆವು. 12, 24, 30ನೇ ತಿಂಗಳಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಬರವಣಿಗೆಯಲ್ಲಿ ತರಿಸಿಕೊಂಡೆವು. ಅವಳ ಒಪ್ಪಂದ ನನ್ನದಕ್ಕಿಂತ ಬೇರೆ ಥರ. ಕೊನೆಯ ಬೆಲೆಯನ್ನು ಜಾಸ್ತಿ ಇಟ್ಟಿದ್ದರು, 4.9 ಲಕ್ಷ, ಆದ್ದರಿಂದ ತಿಂಗಳ ಬಾಡಿಗೆ ಕಮ್ಮಿ. ನನ್ನದರಲ್ಲಿ ಕೊನೆಯ ಬೆಲೆ ಕಮ್ಮಿ, ಬಾಡಿಗೆ ಜಾಸ್ತಿ. ಕಾರು ಇಟ್ಟುಕೊಳ್ಳುವವರಿಗೆ ನನ್ನಂಥದ್ದು ಸರಿ, ವಾಪಸ್ ಕೊಡುವವರಿಗೆ ಅವಳದು. ಅವಧಿ ಮುಗಿದಾಗ ಬೇರೆ ಏನೂ ಕೊಡದೆ ವಾಪಸ್ ಕೊಡಬಹುದು ಅಂತ ಅವಳದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಆ ಸಾಲು 2025ರಲ್ಲಿ ಅವಳನ್ನು ಕಾಪಾಡಿತು. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲೆ ಸೆಸ್ ಸೇರಿ 29% ಇದ್ದ ಜಿಎಸ್‌ಟಿ 18%ಕ್ಕೆ ಇಳಿಯಿತು. ಹೊಸ ಕಾರಿನ ಬೆಲೆ ಅರವತ್ತು ಸಾವಿರಕ್ಕೂ ಜಾಸ್ತಿ ಇಳಿದಾಗ ಹಳೆಯದರ ಬೆಲೆಯೂ ಇಳಿಯಲೇಬೇಕು. ಅವಳ ಕಾರಿಗೆ ಹಳೆ ಕಾರಿನವರು 4.6ರ ಮೇಲೆ ಹೇಳಲಿಲ್ಲ. 4.9 ಕೊಟ್ಟು ಇಟ್ಟುಕೊಳ್ಳುವುದರಲ್ಲಿ ಅರ್ಥ ಇರಲಿಲ್ಲ. ಸ್ವಂತದ್ದಾಗಿದ್ದರೆ ಆ ಇಳಿಕೆ ಅವಳ ತಲೆ ಮೇಲೆ ಬೀಳುತ್ತಿತ್ತು. ಲೀಸ್ ಆದ್ದರಿಂದ ಲೀಸಿಂಗ್ ಕಂಪನಿಯ ಮೇಲೆ ಬಿತ್ತು. ಅಕ್ಟೋಬರ್‌ನಲ್ಲಿ ಕಾರು ವಾಪಸ್ ಕೊಟ್ಟಳು. ಬಂದವರು ಟೈರಿನ ಸವೆತ, ಬಂಪರಿನ ಗೀರು, ಎರಡನೇ ಕೀ, ಸ್ಟೆಪ್ನಿ, ಜಾಕ್ ಎಲ್ಲ ಪಟ್ಟಿ ಮಾಡಿಕೊಂಡು ನೋಡಿದರು. ಮೊದಲ ದಿನವೇ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟಿದ್ದರಿಂದ ಒಂದು ಗೀರಿಗೆ ಬಿಟ್ಟು ಬೇರೇನೂ ಕಟ್ಟಬೇಕಾಗಲಿಲ್ಲ.

ಅವಳ ಮನೆ ಜಯನಗರ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾಗಿತ್ತು. ಕಾರು ಕೊಟ್ಟ ಮೇಲೆ, "ಅಣ್ಣ, ಈಗ ಲೀಸಾ, ಸ್ವಂತದ್ದಾ?" ಅಂತ ಕೇಳಿದಳು. ಆರು ತಿಂಗಳು ಮೆಟ್ರೋದಲ್ಲಿ ಓಡಾಡಿ ನೋಡು, ಕಾರು ಎಷ್ಟು ದಿನ ಬೇಕು ಅನ್ನಿಸುತ್ತೆ ಅಂತ ಬರೆದಿಟ್ಟುಕೋ ಅಂದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಬಂದಳು. ಮೊದಲ ತಿಂಗಳಿಗೆ ಗುರುತು ಬಿದ್ದದ್ದು ನಾಲ್ಕು ದಿನಕ್ಕೆ.