ಹಲಸಿನ ಐಸ್‌ಕ್ರೀಮಿಗೆ ಬೆರಟಿ ಕಾಸಿದ ಕತೆ

ನಾನು ಮೊದಲ ಸಲ ಮಾಡಿದ ಹಲಸಿನ ಹಣ್ಣಿನ ಐಸ್‌ಕ್ರೀಮಿಗೆ ಚಮಚ ಹಾಕಿದರೆ ಚಮಚವೇ ಬಾಗಿತು. ಬಣ್ಣ ಚೆನ್ನಾಗಿತ್ತು, ಘಮವೂ ಇತ್ತು. ಬಾಯಿಗೆ ಇಟ್ಟರೆ ಮಾತ್ರ ಕರಕರ ಮಂಜುಗಡ್ಡೆ. "ಅಮ್ಮಾ, ಇದು ಐಸ್‌ಕ್ಯಾಂಡಿ ಅಲ್ವಾ?" ಅಂದ ಮಗ. ಹೌದು ಅಂತ ಒಪ್ಪಿಕೊಂಡೆ.

ನಮ್ಮದು ಪುತ್ತೂರು ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ಮೇ ತಿಂಗಳಲ್ಲಿ ಊರಿಂದ ಯಾರಾದರೂ ಬರುವಾಗ ಅಮ್ಮ ಹಲಸಿನ ತೊಳೆ ಬಿಡಿಸಿ ಡಬ್ಬದಲ್ಲಿ ಕಳಿಸುತ್ತಾರೆ. ಹಾಗೆ ಬಂದ ಹಣ್ಣನ್ನು ಮಿಕ್ಸಿಯಲ್ಲಿ ರುಬ್ಬಿ, ಹಾಲು ಮತ್ತು ಕ್ರೀಮ್ ಸೇರಿಸಿ ಫ್ರೀಜರಿಗೆ ಇಟ್ಟಿದ್ದೆ, ಅಷ್ಟೇ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ನಕ್ಕರು. "ಎಂತ ಮಾರಾಯ್ತಿ, ಹಸಿ ಹಣ್ಣು ಕಡೆದು ಹಾಕಿದ್ದಾ? ಅದರಲ್ಲಿ ನೀರು ಉಂಟಲ್ವಾ. ಬೆರಟಿ ಕಾಸಿ ಹಾಕು."

ಬೆರಟಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಲಸಿನ ಹಣ್ಣನ್ನು ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಮಗುಚಿ ಇಡುವುದು. ಮಳೆಗಾಲಕ್ಕೂ ಹಾಳಾಗುವುದಿಲ್ಲ. ಬೇಕಾದಾಗ ಒಂದು ಉಂಡೆ ತೆಗೆದು ತೆಂಗಿನಹಾಲಿನಲ್ಲಿ ಕದಡಿದರೆ ಪಾಯಸ. ಹಣ್ಣಿನ ನೀರು ತೆಗೆಯುವ ಉಪಾಯ ಅಜ್ಜಿಯ ಕಾಲದಿಂದಲೂ ಮನೆಯಲ್ಲೇ ಇತ್ತು. ನಾನು ಮಾತ್ರ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದೆ.

ಹಲಸಿನ ತೊಳೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ. ಮಾವಿನಲ್ಲಿ ಇನ್ನೂ ಜಾಸ್ತಿ. ಅಂಗಡಿಯವರ ಯಂತ್ರ ಕಡೆಯುತ್ತಲೇ ಬೇಗ ತಣ್ಣಗೆ ಮಾಡುತ್ತದೆ, ಹಾಗಾಗಿ ನೀರು ಸಣ್ಣ ಸಣ್ಣ ಹರಳಾಗಿ ಕೂರುತ್ತದೆ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯ ಫ್ರೀಜರ್ ಸುಮ್ನೆ ನಿಧಾನವಾಗಿ ಹೆಪ್ಪುಗಟ್ಟಿಸುತ್ತದೆ, ಹರಳು ದೊಡ್ಡದಾಗುತ್ತದೆ. ಯಂತ್ರ ಇಲ್ಲದಿದ್ದರೆ ನೀರನ್ನು ಒಲೆಯ ಮೇಲೇ ಓಡಿಸಬೇಕು.

ಎರಡನೇ ಸಲ ಅದನ್ನೇ ಮಾಡಿದೆ, ಮತ್ತೆ ಕೆಡಿಸಿದೆ. ಪಾಯಸದ ಬೆರಟಿಗೆ ಹಾಕುವಷ್ಟೇ ಬೆಲ್ಲ ಸುರಿದಿದ್ದೆ. ಸಿಹಿ ಜಾಸ್ತಿಯಾದರೆ ಮಿಶ್ರಣ ಹೆಪ್ಪುಗಟ್ಟುವುದೇ ಕಷ್ಟ. ಎರಡು ದಿನ ಫ್ರೀಜರಿನಲ್ಲಿದ್ದರೂ ಅದು ಗಟ್ಟಿ ಮೊಸರಿನ ಹಾಗೆಯೇ ಇತ್ತು. ಕಲ್ಲು ಮತ್ತು ಮೊಸರಿನ ನಡುವೆ ಎಲ್ಲೋ ಐಸ್‌ಕ್ರೀಮ್ ಇದೆ ಅಂತ ಆಗ ಗೊತ್ತಾಯಿತು.

ಈಗ ನಾನು ಮಾಡುವ ಅಳತೆ ಹೀಗೆ. ಬೀಜ ತೆಗೆದ ತೊಳೆ 500 ಗ್ರಾಂ, ನೀರು ಹಾಕದೆ ರುಬ್ಬಬೇಕು. ಮೆತ್ತಗಿನ ತೊಳೆಯ ತುಳುವ ಜಾತಿಯ ಹಣ್ಣಾದರೆ ನಾರು ಇರುತ್ತದೆ, ಜರಡಿ ಹಿಡಿಯಬೇಕು. ಗಟ್ಟಿ ತೊಳೆಯ ಬಕ್ಕೆ ಜಾತಿ ಆದರೆ ಆ ಕೆಲಸ ಇಲ್ಲ. ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ತುಪ್ಪ, ಅದಕ್ಕೆ ರುಬ್ಬಿದ ಹಣ್ಣು, ಸಣ್ಣ ಉರಿ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಕೊತಕೊತ ಅಂತ ಗುಳ್ಳೆ ಎದ್ದು ಕೈಗೆ ಸಿಡಿಯಲು ಶುರು. ಉದ್ದ ಹಿಡಿಯ ಸಟ್ಟುಗ ಇಟ್ಟುಕೊಳ್ಳಿ, ನನ್ನ ಮಣಿಕಟ್ಟಿನಲ್ಲಿ ಈಗಲೂ ಒಂದು ಕಲೆ ಇದೆ. ಹಣ್ಣು ದಪ್ಪಗಾದ ಮೇಲೆ 100 ಗ್ರಾಂ ಬೆಲ್ಲ ಪುಡಿ ಮಾಡಿ ಹಾಕುತ್ತೇನೆ. ಬೆಲ್ಲ ಬಿದ್ದ ಕೂಡಲೇ ಮತ್ತೆ ನೀರಾಗುತ್ತದೆ, ಗಾಬರಿ ಬೇಡ. ಹಳದಿ ಬಣ್ಣ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಸಟ್ಟುಗದಿಂದ ಗೆರೆ ಎಳೆದರೆ ಬಾಣಲೆಯ ತಳ ಕಂಡು, ಆ ಗೆರೆ ತಕ್ಷಣ ಮುಚ್ಚದೆ ನಿಲ್ಲಬೇಕು. ಅಲ್ಲಿಗೆ ಒಲೆ ಆರಿಸಿ. ಪಾಯಸದ ಬೆರಟಿಯಂತೆ ಉಂಡೆ ಕಟ್ಟುವವರೆಗೆ ಬೇಡ. ಒಟ್ಟು ಮುಕ್ಕಾಲು ಗಂಟೆ ಹಿಡಿಯುತ್ತದೆ, ಕೊನೆಗೆ ಉಳಿಯುವುದು ಸುಮಾರು 300 ಗ್ರಾಂ.

ಇನ್ನೊಂದು ಒಲೆಯಲ್ಲಿ 6% ಕೊಬ್ಬಿರುವ ಫುಲ್ ಕ್ರೀಮ್ ಹಾಲು ಅರ್ಧ ಲೀಟರ್. ಮೂರನೇ ಒಂದು ಪಾಲು ಬತ್ತಿದ ಮೇಲೆ, ತಣ್ಣನೆ ಹಾಲಿನಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಎರಡು ನಿಮಿಷ ಕುದಿಸಬೇಕು. ಬೆರಟಿ ಮತ್ತು ಹಾಲು ಎರಡೂ ಪೂರ್ತಿ ತಣ್ಣಗಾಗಲಿ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆ, ಪಾಯಸ ಮಾಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ತಣ್ಣಗಾದ ಹಾಲಿಗೆ ಕಾಲು ಕೆಜಿ ಬೆರಟಿ, 200 ಮಿಲಿ ಕ್ರೀಮ್, ಚಿಟಿಕೆ ಉಪ್ಪು. ಬೇರೆ ಸಕ್ಕರೆ ಬೇಡ. ರುಚಿ ನೋಡುವಾಗ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಬೇಕು, ಹೆಪ್ಪುಗಟ್ಟಿದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಏಲಕ್ಕಿ ನಾನು ಹಾಕುವುದಿಲ್ಲ, ಹಲಸಿನ ಘಮ ಅದರಡಿ ಮುಚ್ಚಿಹೋಗುತ್ತದೆ.

ಕ್ರೀಮಿನ ಬಗ್ಗೆ ಒಂದು ಮಾತು. ಡಬ್ಬಿಯಲ್ಲಿ ಸಿಗುವ 25% ಕೊಬ್ಬಿನ ಕ್ರೀಮನ್ನು ಎಷ್ಟು ಕಡೆದರೂ ಅದು ಉಬ್ಬಿ ನಿಲ್ಲುವುದಿಲ್ಲ. ಒಂದು ಭಾನುವಾರ ಅರ್ಧ ಗಂಟೆ ಬೀಟರ್ ತಿರುಗಿಸಿ ಕೈ ನೋಯಿಸಿಕೊಂಡೆ. ಉಬ್ಬಬೇಕೆಂದರೆ 35% ಆಸುಪಾಸಿನ ವಿಪ್ಪಿಂಗ್ ಕ್ರೀಮ್ ಬೇಕು. ಉಬ್ಬದಿದ್ದರೂ ನಮ್ಮ ಲೆಕ್ಕಕ್ಕೆ ಕೊಬ್ಬು ಸಾಕು. ಮೇಲಿನ ಅಳತೆಯಲ್ಲಿ ಒಟ್ಟು ಸುಮಾರು 10% ಬರುತ್ತದೆ. ಅಂಗಡಿ ಡಬ್ಬದ ಮೇಲೆ ಬರೀ ಐಸ್‌ಕ್ರೀಮ್ ಅಂತ ಬರೆಯಬೇಕಾದರೂ ನಮ್ಮ ದೇಶದ ನಿಯಮ ಕೇಳುವುದು ಕನಿಷ್ಠ 10% ಹಾಲಿನ ಕೊಬ್ಬು. ವನಸ್ಪತಿ ಎಣ್ಣೆಯದಾದರೆ ಫ್ರೋಜನ್ ಡೆಸರ್ಟ್ ಅಂತ ಇರುತ್ತದೆ, ಓದಿ ನೋಡಿ.

ಅಗಲವಾದ ಸ್ಟೀಲ್ ಡಬ್ಬದಲ್ಲಿ ತೆಳ್ಳಗೆ ಹರಡಿದರೆ ಬೇಗ ಗಟ್ಟಿಯಾಗುತ್ತದೆ. ಅಂಚು ಹೆಪ್ಪುಗಟ್ಟಿ ನಡು ಇನ್ನೂ ಮೆತ್ತಗಿರುವಾಗ ತೆಗೆದು ಮಿಕ್ಸಿಯಲ್ಲಿ ಒಂದೆರಡು ಸುತ್ತು. ಮತ್ತೆ ಎರಡು ಗಂಟೆ ಬಿಟ್ಟು ಇನ್ನೊಮ್ಮೆ. ಆಮೇಲೆ ಮೇಲ್ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಾತ್ರಿ ಬಿಡಬೇಕು. ಇಲ್ಲದಿದ್ದರೆ ಪಕ್ಕದ ಡಬ್ಬದ ವಾಸನೆಯೆಲ್ಲ ಅದಕ್ಕೇ.

ಬೇರೆ ಹಣ್ಣುಗಳದ್ದು ಬೇರೆ ಬೇರೆ ಸ್ವಭಾವ. ಬಾದಾಮಿ ಮಾವನ್ನು ಪೂರ್ತಿ ಕಾಯಿಸಿದರೆ ಜಾಮಿನ ವಾಸನೆ ಬರುತ್ತದೆ. ಅದಕ್ಕೆ ಮೂರರಲ್ಲಿ ಎರಡು ಪಾಲು ಕಾಸಿ, ಒಂದು ಪಾಲು ಹಸಿಯಾಗಿ ಕೊನೆಗೆ ಸೇರಿಸುತ್ತೇನೆ. ಸೀತಾಫಲವನ್ನು ಒಲೆಗೆ ಇಡಲೇಬೇಡಿ, ಕಹಿಯಾಗುತ್ತದೆ. ಬೀಜದ ಜೊತೆ ಮಿಕ್ಸಿಗೆ ಹಾಕುವುದೂ ಬೇಡ. ಕೈಯಲ್ಲೇ ಕೂತು ಬಿಡಿಸಬೇಕು, ಬೇಜಾರಿನ ಕೆಲಸ. ಅನಾನಸು ಇದಕ್ಕೆ ಉಲ್ಟಾ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಅಂತ ಒಂದು ಕಿಣ್ವ ಇದೆ. ಅದು ಹಾಲನ್ನು ಒಡೆಸಿ ಕಹಿ ಮಾಡುತ್ತದೆ. ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದರೆ ಆ ತೊಂದರೆ ಇಲ್ಲ. ಕಲ್ಲಂಗಡಿಗೆ ಐಸ್‌ಕ್ಯಾಂಡಿಯೇ ಸರಿ.

ನ್ಯಾಚುರಲ್ಸ್ ಐಸ್‌ಕ್ರೀಮನ್ನು 1984ರಲ್ಲಿ ಮುಂಬೈಯ ಜುಹುವಿನಲ್ಲಿ ಶುರು ಮಾಡಿದ ರಘುನಂದನ ಕಾಮತರು ನಮ್ಮ ಮೂಲ್ಕಿ ಕಡೆಯವರು, ಹಣ್ಣು ಮಾರುವವರ ಮಗ. ಒಳ್ಳೆಯ ಹಣ್ಣು ಯಾವುದು ಅಂತ ಅವರಿಗೆ ಹುಟ್ಟಿನಿಂದಲೇ ಗೊತ್ತಿತ್ತು ಅನ್ನಿಸುತ್ತದೆ. ನಾನು ಇನ್ನೂ ಹಲಸನ್ನು ತಟ್ಟಿ ನೋಡಿ ಮೋಸ ಹೋಗುತ್ತೇನೆ.

ಕಳೆದ ಬೇಸಿಗೆಯಲ್ಲಿ ಐಸ್‌ಕ್ರೀಮ್ ಇಟ್ಟ ರಾತ್ರಿಯೇ ಕರೆಂಟ್ ಹೋಗಿ, ಬರುವಷ್ಟರಲ್ಲಿ ಡಬ್ಬದಲ್ಲಿ ಅರ್ಧ ಕರಗಿತ್ತು. ಕರಗಿದ್ದನ್ನು ಮತ್ತೆ ಇಟ್ಟರೆ ಹರಳು ದೊಡ್ಡದಾಗುತ್ತದೆ, ಕೆಡುವ ಭಯ ಬೇರೆ. ಇನ್ನೂ ತಣ್ಣಗಿತ್ತು. ಸ್ವಲ್ಪ ಹಾಲು ಹಾಕಿ ಮಿಕ್ಸಿಯಲ್ಲಿ ತಿರುಗಿಸಿದೆ. ರಾತ್ರಿ ಹನ್ನೊಂದಕ್ಕೆ ಮನೆಮಂದಿಯೆಲ್ಲ ಅಡುಗೆಮನೆಯಲ್ಲೇ ನಿಂತು ಲೋಟ ಖಾಲಿ ಮಾಡಿದೆವು.