ಬೀಟ್ ಕೊಳ್ಳುವ ಮುಂಚೆಯೇ ಎಕ್ಸ್‌ಕ್ಲೂಸಿವ್ ರೇಟು ಬರೆಸಿಕೊಂಡೆ: ನನ್ನ ಅನುಭವ

"ಲೀಸ್ ದುಡ್ಡು ಕೊಟ್ಟು ಎಕ್ಸ್‌ಕ್ಲೂಸಿವ್ ರೇಟು ಈಗಲೇ ಬರೆದುಕೊಡು ಅಂದ್ರೆ ಯಾವ ಪ್ರೊಡ್ಯೂಸರ್ ಒಪ್ತಾನೆ?" ಕೊಡಗಿನ ಗೋಣಿಕೊಪ್ಪದಲ್ಲಿ ಟೀ ಕುಡಿಯುತ್ತಾ ಗೆಳೆಯರು ಕೇಳಿದ್ದರು. ಒಪ್ಪಿದರು. ಒಬ್ಬರಲ್ಲ, ಮೂವರು. ಬೀಟ್ ಅಂದರೆ ಹಾಡಿಗೆ ಮೊದಲೇ ಮಾಡಿಟ್ಟ ಸಂಗೀತ. ಲೀಸ್ ಅಂದರೆ ಇಷ್ಟು ಕಾಲ, ಇಷ್ಟು ಸ್ಟ್ರೀಮ್ ಅಂತ ಮಿತಿ ಹಾಕಿ ಹಲವರಿಗೆ ಕೊಡುವ ಬಳಕೆ ಹಕ್ಕು. ಎಕ್ಸ್‌ಕ್ಲೂಸಿವ್ ಅಂದರೆ ಮುಂದೆ ಬೇರೆ ಯಾರಿಗೂ ಮಾರದಂತೆ ಒಬ್ಬರಿಗೇ ಕೊಡುವ ಹಕ್ಕು.

ಇದಕ್ಕೆ ಮುಂಚೆ ನಾನು ಕಳೆದದ್ದು ಕಡಿಮೆ ಏನಲ್ಲ. ಶುರುವಿನಲ್ಲಿ ಕಿವಿಗೆ ಹಿಡಿಸಿದ ಬೀಟನ್ನೆಲ್ಲ ಕೊಂಡೆ. ಎಂಪಿ3 ಲೀಸ್ 25 ಡಾಲರ್, ಕಾರ್ಡಿನ ಚಾರ್ಜು ಸೇರಿ ಒಂದಕ್ಕೆ 2,000 ರೂಪಾಯಿ ದಾಟುತ್ತಿತ್ತು. ಆರು ಕೊಂಡೆ, ನಾಲ್ಕರ ಮೇಲೆ ಹಾಡೇ ಹುಟ್ಟಲಿಲ್ಲ. ಈಗ ದುಡ್ಡು ಕೊಡುವ ಮುಂಚೆ, ಟ್ಯಾಗ್ (ನಡುನಡುವೆ ಕೇಳುವ ಪ್ರೊಡ್ಯೂಸರ್ ಹೆಸರು) ಇರುವ ಬೀಟಿನ ಮೇಲೆ ಪೂರ್ತಿ ಹಾಡು ಬರೆದು, ಫೋನಿನಲ್ಲಿ ಹಾಡಿ, ಒಂದು ವಾರ ಬಿಟ್ಟು ಕೇಳುತ್ತೇನೆ. ಆಮೇಲೂ ಹಿಡಿಸಿದರೆ ಮಾತ್ರ ದುಡ್ಡು.

ಎರಡನೇ ಏಟು ಕಂಟೆಂಟ್ ಐಡಿ, ಅಂದರೆ ನಮ್ಮ ಹಾಡಿನ ದನಿ ಬೇರೆಯವರ ಯೂಟ್ಯೂಬ್ ವಿಡಿಯೋದಲ್ಲಿ ಸಿಕ್ಕರೆ ತಾನೇ ಕ್ಲೇಮ್ ಹಾಕುವ ವ್ಯವಸ್ಥೆ. ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಏರಿಸುವ ಡಿಸ್ಟ್ರಿಬ್ಯೂಟರ್ ಫಾರ್ಮಿನಲ್ಲಿ ಅದಕ್ಕೆ ಸುಮ್ನೆ ಟಿಕ್ ಹಾಕಿಬಿಟ್ಟೆ. ಅದೇ ಬೀಟ್ ಲೀಸ್ ತಗೊಂಡಿದ್ದ ಬೇರೆಯವರ ವಿಡಿಯೋಗಳಿಗೆಲ್ಲ ನನ್ನ ಹೆಸರಿನಲ್ಲಿ ಕ್ಲೇಮ್ ಹೋಯಿತು. ಪ್ರೊಡ್ಯೂಸರ್ ಸಿಟ್ಟಾದ, ಹಾಡು ಇಳಿಸಿ ಮತ್ತೆ ಏರಿಸಬೇಕಾಯಿತು. ಎಕ್ಸ್‌ಕ್ಲೂಸಿವ್ ಕೊಂಡ ಮೇಲೂ ಹುಷಾರು. ಹಳೆಯ ಲೀಸ್‌ಗಳು ಅವಧಿ ಮುಗಿಯುವವರೆಗೆ ಬದುಕಿರುತ್ತವೆ. ಎಷ್ಟು ಜನಕ್ಕೆ ಕೊಟ್ಟಿದ್ದಾರೆ ಎಂದು ಕೇಳದೆ ಟಿಕ್ ಹಾಕಬೇಡಿ.

ಮೂರನೆಯದು ಜಾಸ್ತಿ ನೋವು ಕೊಟ್ಟಿತು. ನನ್ನ ಲೀಸ್ ಎರಡು ವರ್ಷದ್ದು. ನಡುವೆ ಯಾರೋ ಆ ಬೀಟನ್ನು ಎಕ್ಸ್‌ಕ್ಲೂಸಿವ್ ಕೊಂಡರು. ಕೈಲ್‌ಪೊಳ್ದ್ ಹಬ್ಬಕ್ಕೆ ಊರಿನ ಹುಡುಗರು ಹಾಕಿ ಕುಣಿದ ಹಾಡನ್ನು ಅವಧಿ ಮುಗಿದ ದಿನ ನಾನೇ ತೆಗೆಯಬೇಕಾಯಿತು.

ಆವತ್ತೇ ಈ ದಾರಿ ಹಿಡಿದೆ. ಲೀಸ್ ಕೊಳ್ಳುವ ಮುಂಚೆ ಮೂರು ಸಾಲು ಬರೆಸಿಕೊಳ್ಳುತ್ತೇನೆ. ಒಂದು ವರ್ಷದೊಳಗೆ ಎಕ್ಸ್‌ಕ್ಲೂಸಿವ್ ಬೇಕೆಂದರೆ ಇಷ್ಟೇ ರೇಟು. ಲೀಸ್ ದುಡ್ಡು ಅದರಲ್ಲಿ ಕಳೆಯಬೇಕು. ಬೇರೆ ಗಿರಾಕಿ ಬಂದರೆ ಮೊದಲು ನನಗೆ ಹೇಳಿ ಏಳು ದಿನ ಕಾಯಬೇಕು. ಡೆಮೋ ಜೊತೆಗೆ ಕಳಿಸಿದರೆ ಒಪ್ಪುವವರು ಜಾಸ್ತಿ. ಆ ಮೆಸೇಜನ್ನು ಹೇಗೆ ಶುರು ಮಾಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮೈಸೂರಿನ ಒಬ್ಬ ಹುಡುಗನ ಹತ್ತಿರ ಕೊಂಡಾಗ ಕಾಗದವನ್ನು ಇನ್ನೂ ಗಟ್ಟಿ ಮಾಡಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಡುವಾಗ ಅವಧಿ ಬರೆಯದಿದ್ದರೆ ಐದೇ ವರ್ಷ, ಜಾಗ ಬರೆಯದಿದ್ದರೆ ಭಾರತ ಮಾತ್ರ. ಸ್ಟ್ರೀಮಿಂಗ್ ಹಾಡಿಗೆ ಇದು ಸಾಲುತ್ತಾ? ಅವಧಿಯನ್ನೂ ಇಡೀ ಪ್ರಪಂಚವನ್ನೂ ಬರೆಸಿದೆ, ಸಹಿಯೂ ಹಾಕಿಸಿದೆ.

ನಡುವೆ ಒಂದು ಪ್ರಯೋಗ. ನಮ್ಮ ಕೊಡಗಿನ ವಾಲಗದ ನಡೆ 6/8, ಅಂದರೆ ಆರರ ಎಣಿಕೆ. ನಾಲ್ಕರ ಎಣಿಕೆಯ ಟ್ರ್ಯಾಪ್ (ಒಂದು ಬಗೆಯ ಹಿಪ್‌ಹಾಪ್) ಬೀಟಿನ ಮೇಲೆ ಅದು ಕೂರಲೇ ಇಲ್ಲ, ನಾಲ್ಕು ರಾತ್ರಿ ಹಾಳು. ಆಮೇಲೆ 6/8 ಬೀಟನ್ನೇ ಹುಡುಕಿ, ಸ್ಟೆಮ್ಸ್ (ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಫೈಲು) ಲೀಸ್ ತಗೊಂಡು, ಡ್ರಮ್ಸ್ ಪೂರ್ತಿ ತೆಗೆದು ನಮ್ಮ ಚಿಕ್ಕ ಚರ್ಮವಾದ್ಯ ದುಡಿ ರೆಕಾರ್ಡ್ ಮಾಡಿದೆ. ಜುಲೈ ಮಳೆಗೆ ಶೀಟ್ ಕೆಳಗೆ ಮೈಕ್ ಇಡೋಕೆ ಆಗುತ್ತಾ? ಗೋದಾಮಿನಲ್ಲಿ ಮೂರು ಕಡೆ ಕಾಫಿ ಮೂಟೆ ಪೇರಿಸಿ ನಡುವೆ ಕೂತೆವು. ಸ್ಟುಡಿಯೋ ಬಾಡಿಗೆ ಉಳಿಯಿತು, ದುಡಿಯ ದನಿಯೂ ಪ್ರತಿಧ್ವನಿ ಇಲ್ಲದೆ ಚೊಕ್ಕವಾಗಿ ಬಂತು. ಸ್ಟೆಮ್ಸ್ ಬದಲಾಯಿಸಲು ಒಪ್ಪಿಗೆ ಇದೆಯಾ ಅಂತ ಮೊದಲೇ ನೋಡಿಕೊಂಡಿದ್ದೆ.

ಆ ಹಾಡಿನ ಲೆಕ್ಕ ಹೀಗಿದೆ. ಸ್ಟೆಮ್ಸ್ ಲೀಸ್ 80 ಡಾಲರ್, ಬರೆಸಿಕೊಂಡ ಎಕ್ಸ್‌ಕ್ಲೂಸಿವ್ ರೇಟು 220. ಪುತ್ತರಿ ಹಬ್ಬದ ಹೊತ್ತಿಗೆ ಲೀಸಿನ ಸ್ಟ್ರೀಮ್ ಮಿತಿ ಹತ್ತಿರ ಬಂತು. ಬಾಕಿ 140 ಕೊಟ್ಟೆ. ಅಷ್ಟರಲ್ಲಿ ಆ ಪ್ರೊಡ್ಯೂಸರ್‌ನ ಬೇರೆ ಬೀಟುಗಳ ಎಕ್ಸ್‌ಕ್ಲೂಸಿವ್ ರೇಟು 400 ಆಗಿತ್ತು. ಅವನು ಮಾತು ತಪ್ಪಲಿಲ್ಲ, ಅದೇ ದಿನ ಬೀಟನ್ನು ಮಾರಾಟದಿಂದ ತೆಗೆದ. ಆ ಸ್ಕ್ರೀನ್‌ಶಾಟ್ ಗೋಣಿಕೊಪ್ಪದ ಗೆಳೆಯರಿಗೆ ಕಳಿಸಿದೆ. ಇಬ್ಬರು ಆಗಲೇ ಒಪ್ಪಂದದ ಪ್ರತಿ ಕೇಳಿದ್ದಾರೆ.